ಹೊಲಕ್ಕೆ ಹೋದವನು

ಭಾದ್ರಪದ ಹಿಡಿದು ವಾರವಾಗಿತ್ತು. ನಾಲ್ಕು ದಿನದ ಜಡಿಮಳೆ ಬಿಟ್ಟು ಬಿಸಿಲು ಬಿದ್ದದ್ದೇ ತಡ, ಮುಡಬಿಯ ಹೊಲಗಳಲ್ಲೆಲ್ಲ ಉದ್ದು ಕೀಳುವ ಅವಸರ ಎದ್ದಿತು. ಗಿಡ ಕಪ್ಪಾಗಿ ಒಣಗಿ ನಿಂತಿತ್ತು. ಇನ್ನೊಂದು ಮಳೆ ಹೊಡೆದರೆ ಕಾಯಿಯೊಳಗೇ ಮೊಳಕೆ ಒಡೆಯುತ್ತದೆ ಎಂದು ಮಹಾರುದ್ರಪ್ಪ ಧಣಿಯರು ತಮ್ಮ ಹಳ್ಳದ ದಂಡೆಯ ಹೊಲಕ್ಕೆ ಹದಿನಾಲ್ಕು ಮಂದಿ ಹೆಣ್ಣಾಳು ಕರೆಸಿದ್ದರು. ಹೆಂಗಸರು ಸೀರೆ ಮೇಲೆ ಕಟ್ಟಿ, ಸಾಲು ಹಿಡಿದು ಬಗ್ಗಿದ್ದರು. ಒಂದು ಹಿಡಿ ಕೀಳುವುದು, ಬೇರಿನ ಎರೆಮಣ್ಣು ಉದುರುವಂತೆ ಕಾಲಿಗೆ ಬಡಿಯುವುದು, ಹಿಂದಕ್ಕೆ ಒಗೆಯುವುದು. ಯಾರೋ ಒಬ್ಬಳು ಹಾಡು ಎತ್ತಿ ಅರ್ಧಕ್ಕೆ ಬಿಟ್ಟಿದ್ದಳು.

ದ್ರೌಪತಿ ಯಾವಾಗಲೂ ಕೊನೆಯ ಸಾಲು ಹಿಡಿಯುತ್ತಿದ್ದಳು. ಅಲ್ಲಿ ಒಂದು ಕಡೆ ಬದು ಇರುತ್ತದೆ. ಮಾತಾಡುವವರು ಒಂದೇ ಕಡೆ ಇರುತ್ತಾರೆ. ಆ ಒಂದು ಕಡೆ ನೆರೆಮನೆಯ ಕಮಳಾಬಾಯಿ ಇರುವುದು ಎಷ್ಟೋ ವರ್ಷದ ರೂಢಿ.

ಬಿಸಿಲು ಏರುವ ಹೊತ್ತಿಗೆ ತಳವಾರ ಬಂಡೆಪ್ಪ ಬದುವಿನ ಮೇಲೆ ಬಂದು ನಿಂತ.

"ಕೇಳ್ರೆವ್ವಾ! ನಾಳಿ ಅಲ್ಲ ನಾಡದ ಮುಂಜಾನಿ ಕಲ್ಯಾಣದಿಂದ ಗಿರ್ದಾವರ ಸಾಹೇಬರು ಚಾವಡಿಗೆ ಬರತಾರ. ಗುಡ್ಡದ ಬಲ್ಲಿ ಮನಿ ಜಾಗಾ ಮಂಜೂರ ಆಗ್ಯಾವ. ಇಪ್ಪತ್ತೆರಡು ಮನಿ ಲಿಸ್ಟ್ ಅದ. ಯಾರ ಹೆಸರು ಅದ, ಅವರು ಖುದ್ದ ಬಂದು ಹೆಬ್ಬಟ್ಟು ಒತ್ತಬೇಕು. ಹೆಣ್ಣುಮಕ್ಕಳು ಬಂದರ ನಡೆಂಗಿಲ್ಲ."

"ನಮ್ಮದು ಅದೇನೋ ಯಪ್ಪಾ?" ಅಂದಳು ಕಮಳಾಬಾಯಿ.

"ಲಾಲಪ್ಪಂದು ಒಂಬತ್ತನೇ ನಂಬರ. ದ್ರೌಪತೀ, ನಿಮ್ಮದೂ ಅದ. ಹದಿನೇಳು. ನಿನ್ನ ಗಂಡ ನರಸಿಂಗ, ಹಾಜರ ಅಂತ ಬರದಾರ."

ಸಾಲಿನ ನಡುವೆ ಕಿಸಕ್ಕೆಂದಿತು. ಹೋದ ವರ್ಷ ಮದುವೆಯಾಗಿ ಬಂದಿದ್ದ ಸೊಸೆಯೊಬ್ಬಳು ಬಾಯಿಗೆ ಸೆರಗು ಹಿಡಿದು, "ಅತ್ತೀ, ಮಾವಗ ಹೊಲದಿಂದ ಕರಸ್ರಿ ಮತ್ತ. ಎಷ್ಟಂತ ದುಡೀತಾರ?" ಅಂದಳು.

"ನಿನ್ನ ನಾಲಿಗಿಗೆ ಹುಳಾ ಬೀಳಲಿ!" ಎಂದು ಕಮಳಾಬಾಯಿ ಕೈಯಲ್ಲಿದ್ದ ಹಿಡಿಯನ್ನೇ ಅವಳ ಕಡೆ ಬೀಸಿದಳು. ದ್ರೌಪತಿ ತಲೆ ಎತ್ತಲಿಲ್ಲ. ಮುಂದಿನ ಗಿಡಕ್ಕೆ ಕೈ ಹಾಕಿದಳು.

ಆ ಜಾಗ ಅವಳಿಗೆ ಬೇಕೇ ಬೇಕಾಗಿತ್ತು. ಅವಳ ಗುಡಿಸಲು ನಿಂತದ್ದು ಇದೇ ಧಣಿಯರ ನೆಲದಲ್ಲಿ. ಗಂಡನ ತಂದೆ ಅವರ ಮನೆಯಲ್ಲಿ ಜೀತಕ್ಕಿದ್ದಾಗ ಹಾಕಿಕೊಂಡದ್ದು. ಈಗ ಅದರ ಪಕ್ಕ ಬಾವಿ ತೋಡಿದ್ದರು, ಕರೆಂಟು ಬಂದಿತ್ತು, ಮೋಟಾರಿನ ಖೋಲಿ ಕಟ್ಟುವುದಕ್ಕೆ ಸರಿಯಾಗಿ ಗುಡಿಸಲಿನ ಜಾಗವೇ ಬೇಕಾಗಿತ್ತು. "ದಸರಾ ತನಕ ಇರು" ಎಂದಿದ್ದರು ಧಣಿಯರು. ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟಿನಿಂದ ಅಂದಿದ್ದರೆ ಜಗಳವಾದರೂ ಮಾಡಬಹುದಿತ್ತು.

ನರಸಿಂಗ ಊರು ಬಿಟ್ಟು ಹದಿನೆಂಟು ವರ್ಷವಾಗಿತ್ತು.

ಐವತ್ತಾರರಲ್ಲಿ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ ಕೇರಿಯ ಐದು ಗಂಡಸರಲ್ಲಿ ಅವನೂ ಒಬ್ಬ. ಬಂದವನೇ ಮನೆಯ ದೇವರುಗಳನ್ನು ಬುಟ್ಟಿಯಲ್ಲಿ ತುಂಬಿ ಹಳ್ಳಕ್ಕೆ ಬಿಟ್ಟ. ಸತ್ತ ದನ ಹೊರುವುದಿಲ್ಲ ಅಂದ. ಧಣಿಯರ ಮನೆಯ ಬಿಟ್ಟಿ ಕೆಲಸ ಇನ್ನು ಆಗುವುದಿಲ್ಲ ಅಂದ. ಊರವರು ಹೊಡೆಯಲಿಲ್ಲ, ಬಡಿಯಲಿಲ್ಲ. ಕೆಲಸಕ್ಕೆ ಕರೆಯುವುದನ್ನು ಬಿಟ್ಟರು, ಅಷ್ಟೇ. ಒಂದೂವರೆ ವರ್ಷ ಹಲ್ಲು ಕಚ್ಚಿ ಇದ್ದು, ಕೊನೆಗೆ ಕಮಳಾಬಾಯಿಯ ಗಂಡ ಲಾಲಪ್ಪನ ಜೊತೆ ಬೊಂಬಾಯಿಗೆ ಹೊರಟ. ದ್ರೌಪತಿಗೆ ಆಗ ಇಪ್ಪತ್ತೆರಡು. ಹುಮನಾಬಾದಿನ ತನಕ ಕಳಿಸಲು ಹೋಗಿದ್ದಳು. ಅವಳು ಅಷ್ಟು ದೊಡ್ಡ ಊರು ನೋಡಿದ್ದು ಅದೇ ಮೊದಲು. ಸೊಲ್ಲಾಪುರದ ಬಸ್ಸಿನ ಟಾಪಿನ ಮೇಲೆ ಗಂಟು ಕಟ್ಟಿ ಕೆಳಗಿಳಿದ ಗಂಡ, "ಮಳಿಗಾಲಕ್ಕ ಬರತೀನಿ" ಅಂದ. ಎರಡು ವರ್ಷ ಮನಿಆರ್ಡರು ಬಂದವು. ಹೊಟ್ಟೆಯಲ್ಲಿದ್ದ ಕೂಸು ಹುಟ್ಟಿ ಆರು ತಿಂಗಳಿಗೆ ತೀರಿಕೊಂಡಿತು. ಆಮೇಲೆ ಮನಿಆರ್ಡರೂ ನಿಂತವು.

ಅವನು ಹೋದ ಮರುದಿನವೇ ಅತ್ತೆ ಒಂದು ಮಾತು ಕಲಿಸಿದ್ದಳು. ಗಂಡನ ವಿಷಯದಲ್ಲಿ ಬಾಯಿಂದ "ಇಲ್ಲ" ಅನ್ನಬಾರದು. ಹಿಟ್ಟು ತೀರಿದರೆ ತೀರಿತು ಅನ್ನುತ್ತೇವೆಯೇ? ಹೆಚ್ಚಾಯಿತು ಅನ್ನುತ್ತೇವೆ. ಬಳೆ ಒಡೆದರೆ ಒಡೆಯಿತು ಅನ್ನುವುದಿಲ್ಲ. ಹಾಗೇ, ಯಾರಾದರೂ ಬಾಗಿಲಿಗೆ ಬಂದು ನರಸಿಂಗ ಅದಾನೇನು ಎಂದು ಕೇಳಿದರೆ, ಹೊಲಕ್ಕ ಹೋಗ್ಯಾರ ಅನ್ನಬೇಕು. ಮಗ ದೇವರನ್ನು ಹಳ್ಳಕ್ಕೆ ಹಾಕಿದಾಗ ಸುಮ್ಮನಿದ್ದ ಮುದುಕಿ ಈ ಮಾತನ್ನು ಮಾತ್ರ ಬಿಡಗೊಡಲಿಲ್ಲ. ಅವಳು ಸತ್ತು ಹತ್ತು ವರ್ಷವಾದರೂ ಮಾತು ಹಾಗೇ ಉಳಿದಿತ್ತು.

ಅರವತ್ತೊಂದರಲ್ಲಿ ಜನಗಣತಿಯ ಮಾಸ್ತರು ಬಂದು ಕೇಳಿದರು. "ಹೊಲಕ್ಕ ಹೋಗ್ಯಾರ್ರಿ." ಬರೆದುಕೊಂಡರು. ಎಪ್ಪತ್ತೊಂದರಲ್ಲಿ ಇನ್ನೊಬ್ಬರು ಬಂದರು, ಅದೇ ಉತ್ತರ. ಓಟಿನ ಪಟ್ಟಿಗೆ ಬಂದವರು, ರೇಷನ್ ಕಾರ್ಡಿಗೆ ಬಂದವರು, ಮಲೇರಿಯಾದ ಗುಳಿಗೆ ಕೊಡುವವರು, ಎಲ್ಲರೂ ಅದನ್ನೇ ಬರೆದುಕೊಂಡರು. ಒಂದು ಅಂಗೈ ಹೊಲ ಇಲ್ಲದವನು ಯಾರ ಹೊಲಕ್ಕೆ ಹೋಗಿದ್ದಾನೆ ಎಂದು ಯಾರೂ ಕೇಳಲಿಲ್ಲ. ಕೇರಿಯವರಿಗೆ ಗೊತ್ತಿತ್ತು. ಅವರೂ ಅವಳೆದುರಿಗೆ ಹಾಗೇ ಮಾತಾಡುತ್ತಿದ್ದರು. ಸಂಜೆ ಒಲೆ ಹಚ್ಚುವಾಗ ಒಮ್ಮೊಮ್ಮೆ ಅವಳಿಗೇ ಅನ್ನಿಸುವುದಿತ್ತು, ಹೊತ್ತು ಮುಳುಗಿತು, ಇನ್ನೇನು ಬರುತ್ತಾರೆ ಎಂದು. ಆ ಅನ್ನಿಸಿಕೆ ಒಂದು ಗಳಿಗೆಯದು. ರೊಟ್ಟಿ ಬಡಿಯಲು ಕೂತರೆ ಹಿಟ್ಟು ಒಬ್ಬರಿಗಾಗುವಷ್ಟೇ ಇರುತ್ತಿತ್ತು.

ಆ ಸಂಜೆ ಅವಳೇ ಲಾಲಪ್ಪನ ಮನೆಗೆ ಹೋದಳು. ಲಾಲಪ್ಪ ಅರವತ್ಮೂರರಲ್ಲಿ ಮಿಲ್ಲಿನ ಯಂತ್ರಕ್ಕೆ ಎಡಗೈಯ ಎರಡು ಬೆರಳು ಕೊಟ್ಟು ಊರಿಗೆ ಮರಳಿದವ. ನರಸಿಂಗನ ಬಗ್ಗೆ ಆಗ ಅವನು ಹೇಳಿದ್ದು ಒಂದೇ ಮಾತು: ಖೋಲಿ ಬದಲಿ ಮಾಡಿದ, ಆಮ್ಯಾಲ ಭೆಟ್ಟಿ ಆಗಲಿಲ್ಲ.

"ಕೂಡು ತಂಗೆವ್ವಾ" ಅಂದ ಲಾಲಪ್ಪ. "ನಾನೂ ಅದನ್ನೇ ವಿಚಾರ ಮಾಡಾಕತ್ತೀನಿ. ಬಂಡೆಪ್ಪಗ ಕೇಳಿದೆ. ಯಜಮಾನ ಸತ್ತಿದ್ದರ ಅವನ ಹೆಂಡತಿ ಹೆಸರಿಗೆ ಜಾಗಾ ಮಾಡತಾರಂತ. ಒಬ್ಬನ ಸಾಕ್ಷಿ ಸಾಕಂತ."

ದ್ರೌಪತಿ ಕೈಯ ಬಳೆಗಳನ್ನು ತಿರುವುತ್ತ ಕೂತಳು.

"ನಾ ಹೇಳತೀನಿ. ಬೊಂಬಾಯಿದಾಗ ಸತ್ತ, ನಾನೇ ಹೆಗಲು ಕೊಟ್ಟೀನಿ ಅಂತ. ಯಾರು ಹೋಗಿ ನೋಡತಾರ?"

"ಖರೇ ಸತ್ತಾರೇನು ಅಣ್ಣಾ?"

ಲಾಲಪ್ಪ ಬೀಡಿ ಆರಿತೇನೋ ಎಂಬಂತೆ ಅದರ ತುದಿ ನೋಡಿದ. "ನನಗೇನು ಗೊತ್ತು?"

"ಸತ್ತಾರ ಅಂದ ಮ್ಯಾಲ ಬಳಿ?"

"ಬಳಿ ಅಂತ, ಬಳಿ!" ಕಮಳಾಬಾಯಿ ಒಲೆಯ ಮುಂದಿನಿಂದ ತಿರುಗಿದಳು. "ದೇವರಿಗೆ ಬಿಟ್ಟು ಇಪ್ಪತ್ತು ವರ್ಷ ಆತು. ಗ್ವಾಡಿ ಮ್ಯಾಲ ಬಾಬಾಸಾಹೇಬರ ಫೋಟೊ ಹಾಕೀದಿ, ಕೆಳಗ ಕೂತು ಬಳಿ ಲೆಕ್ಕ ಮಾಡತಿ. ದಸರಾ ಆದ ಮ್ಯಾಲ ಎಲ್ಲಿ ಮಲಗಾಕಿ? ಬಳಿ ಒಳಗ?"

"ನನ್ನ ಬಾಯಿಲೆ ಹ್ಯಾಂಗ ಅನ್ನಲಿ ಅಕ್ಕಾ?"

"ನೀ ಅನ್ನಬ್ಯಾಡ. ಇಂವ ಅಂತಾನ. ನೀ ಬರೇ ಬಾಯಿ ಮುಚ್ಚಿಕೊಂಡು ನಿಂದರು. ಅಷ್ಟೂ ಆಗಂಗಿಲ್ಲೇನು?"

ಅಷ್ಟು ಆಗುತ್ತದೆ ಎಂದು ದ್ರೌಪತಿಗೆ ಅನ್ನಿಸಿತು. ಚಾವಡಿಯ ದಿನ ಬೆಳಿಗ್ಗೆ ಕೈಗೆ ಎಣ್ಣೆ ಸವರಿ, ಒಂದೊಂದೇ ಬಳೆ ಜಾರಿಸಿ ತೆಗೆದಳು. ಒಡೆಯಲಿಲ್ಲ. ತೆಗೆದ ಜಾಗದಲ್ಲಿ ಚರ್ಮ ಬೆಳ್ಳಗಿತ್ತು. ಕೈ ಎತ್ತಿದರೆ ಸಪ್ಪಳವಿಲ್ಲ. ಯಾರದೋ ಕೈ ತನಗೆ ಅಂಟಿಸಿದ ಹಾಗೆ. ಸೆರಗಿನೊಳಗೆ ಕೈ ಮುಚ್ಚಿಕೊಂಡು ಹೊರಟಳು.

ಕಂದಾಯ ಇಲಾಖೆಯ ಗಿರ್ದಾವರ ಗಯಾಸುದ್ದೀನ್ ಸಾಹೇಬರು ನಿವೃತ್ತಿಯ ಹತ್ತಿರ ಬಂದಿದ್ದವರು. ನಿಜಾಮರ ಕಾಲದಲ್ಲಿ ನೌಕರಿ ಹಿಡಿದು ಅರ್ಧ ಆಯುಷ್ಯ ಉರ್ದುವಿನಲ್ಲಿ ಬರೆದು, ಐವತ್ತಾರರ ನಂತರ ಕನ್ನಡ ಅಕ್ಷರ ಕಲಿತವರು. ಒಂದೊಂದು ಹೆಸರನ್ನೂ ಬೆರಳಿಟ್ಟು ಓದುತ್ತಿದ್ದರು. ಗಂಡಸರು ಒಬ್ಬೊಬ್ಬರಾಗಿ ಹೋಗಿ ಹೆಬ್ಬಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಬಂದರು. ಒಂಬತ್ತನೇ ನಂಬರಿಗೆ ಲಾಲಪ್ಪನದೂ ಆಯಿತು. ಧಣಿಯರು ಖುರ್ಚಿಯ ಮೇಲೆ ಕೂತು ಅಡಿಕೆ ಹೋಳು ಮಾಡುತ್ತಿದ್ದರು.

"ಹದಿನೇಳು. ನರಸಿಂಗ."

ಲಾಲಪ್ಪ ಮುಂದೆ ಬಂದು ಕೈ ಮುಗಿದ. "ಸತ್ತಾನ್ರಿ ಸಾಹೇಬರ. ಅರವತ್ಮೂರನೇ ಇಸವಿದಾಗ. ಬೊಂಬಾಯಿದಾಗ. ನಾನೇ ಹೆಗಲು ಕೊಟ್ಟೀನ್ರಿ."

ಸಾಹೇಬರು ಹೊಸ ಹಾಳೆ ತೆಗೆದು ಅದನ್ನೆಲ್ಲ ಬರೆದರು. ಓದಿ ಹೇಳಿದರು. ಲಾಲಪ್ಪನ ಹೆಬ್ಬಟ್ಟು ಬಿತ್ತು. ಮಸಿ ಆರಲೆಂದು ಹಾಳೆಯನ್ನು ಗಾಳಿಗೆ ಹಿಡಿದುಕೊಂಡೇ, ತಲೆ ಎತ್ತದೆ, ಇಷ್ಟು ವರ್ಷ ನೂರಾರು ಬಾಗಿಲಲ್ಲಿ ಕೇಳಿದ ದನಿಯಲ್ಲೇ ಕೇಳಿದರು:

"ಹೆಂಡತಿ ಯಾರವ್ವಾ? ಗಂಡ ಎಲ್ಲಿ ಹೋಗ್ಯಾನ?"

"ಹೊಲಕ್ಕ ಹೋಗ್ಯಾರ್ರಿ" ಅಂದಳು ದ್ರೌಪತಿ.

ಅಂದ ಮೇಲೆ ಅವಳಿಗೆ ಗೊತ್ತಾಯಿತು. ಬಾಯಿಗೆ ಕೈ ಹೋಯಿತು. ಬರಿಗೈ. ಎಲ್ಲರಿಗೂ ಕಂಡಿತು.

ಹಿಂದೆ ಯಾರೋ ನಕ್ಕರು, ಇನ್ಯಾರೋ ಸುಮ್ಮನಿರಿಸಿದರು. ಸಾಹೇಬರು ಹಾಳೆ ಕೆಳಗಿಟ್ಟು ಕನ್ನಡಕ ತೆಗೆದರು.

"ಲಾಲಪ್ಪ, ಸರ್ಕಾರಿ ಕಾಗಜದ ಮ್ಯಾಲ ಅಂಗುಠಾ ಒತ್ತೀದಿ. ನೀ ಹೆಗಲು ಕೊಟ್ಟಾವ ಹೊಲಕ್ಕ ಹ್ಯಾಂಗ ಹೋದ? ಇದಕ್ಕ ಜೇಲ್ ಆಗತದ, ಗೊತ್ತದ ಏನು?"

ಲಾಲಪ್ಪ ಮಸಿ ಹತ್ತಿದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. ಹೆಂಗಸರ ಗುಂಪಿನಿಂದ ಕಮಳಾಬಾಯಿ ಎದೆ ಬಡಿದುಕೊಂಡಳು. "ಯವ್ವಾ ದ್ರೌಪತೀ, ನನ್ನ ಮನಿ ಮುಳಗಸಿದೆಲ್ಲೇ!"

ಇನ್ನು ಉಳಿದದ್ದು ಒಂದೇ ಮಾತು. ಹದಿನೆಂಟು ವರ್ಷ ಬಾಯಿಗೆ ಬಾರದಂತೆ ಕಾದಿದ್ದ ಮಾತು.

"ಇಲ್ರಿ" ಅಂದಳು.

"ಏನು ಇಲ್ಲ?"

"ಅವರು ಇಲ್ರಿ. ಹೊಲದಾಗ ಇಲ್ಲ, ಮನಿಯಾಗ ಇಲ್ಲ, ಊರಾಗ ಇಲ್ಲ. ನಾ ಹಂಗ ಅನ್ನಕೋತ ಬಂದೀನ್ರಿ. ಸತ್ತಾರೋ ಇದ್ದಾರೋ ನನಗ ತಿಳೀದು. ಲಾಲಪ್ಪಣ್ಣ ನನ್ನ ಗತಿ ನೋಡಿ ಅಂದಾನ. ಅವನ ಮ್ಯಾಲ ಏನೂ ಬರೀಬ್ಯಾಡ್ರಿ."

ಏನೂ ಆಗಲಿಲ್ಲ. ಚಾವಡಿಯ ಕಂಬದ ಮೇಲೆ ಗುಬ್ಬಿ ಕೂಗುತ್ತಿತ್ತು, ಕೂಗುತ್ತಲೇ ಇತ್ತು. ಧಣಿಯರ ಅಡಕತ್ತರಿ ಒಂದು ಕ್ಷಣ ನಿಂತು ಮತ್ತೆ ಆಡಿತು. ಏನಾದರೂ ಆಗಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಸಾಹೇಬರು ಇನ್ನೊಂದು ದಫ್ತರ ತೆಗೆದು ನೋಡಿದರು. "ರೇಷನ್ ಕಾರ್ಡಿನಾಗ ಎರಡು ಮಂದಿ ಅದೀರಿ. ಇಷ್ಟು ದಿನ ಅವನ ಪಾಲಿನ ಸಕ್ಕರಿ ಯಾರು ತಿಂದ್ರು?"

"ನಾನೇ ತಿಂದೀನ್ರಿ."

ಈ ಸಲ ಎಲ್ಲರೂ ನಕ್ಕರು.

"ಓಟು? ಓಟಿನ ಪಟ್ಟಿದಾಗ ಪ್ರತಿ ಸಲ ಅವನ ಹೆಸರಿಗೆ ಗುರ್ತ ಬಿದ್ದದ."

ಅದಕ್ಕೆ ಯಾರೂ ನಗಲಿಲ್ಲ. ಧಣಿಯರು ಕೆಮ್ಮಿದರು. ಸಾಹೇಬರು ಅವರ ಕಡೆ ನೋಡಿ, ದಫ್ತರ ಮುಚ್ಚಿ, ಲಾಲಪ್ಪನ ಕಡೆ ತಿರುಗಿದರು.

"ಈಗ ಖರೇ ಹೇಳು. ನೀ ಅವಗ ಕಡೀಕ ಯಾವಾಗ ನೋಡೀದಿ? ಖರೇ ಹೇಳಿದರ ಈ ಹಾಳಿ ಹರೀತೀನಿ."

ಲಾಲಪ್ಪ ನೆಲ ನೋಡುತ್ತ ಹೇಳಿದ. ದ್ರೌಪತಿಯ ಕಡೆ ಒಮ್ಮೆಯೂ ನೋಡಲಿಲ್ಲ.

"ನಾ ಊರಿಗೆ ಬರೋ ದಿನಾ ನೋಡೀನ್ರಿ. ಅರವತ್ಮೂರರಾಗ. ಕುರ್ಲಾದಾಗ ಮನಿ ಮಾಡಿದ್ದ. ಸಾತಾರಾ ಕಡೀ ಹೆಂಗಸು. ಒಂದು ಕೂಸೂ ಇತ್ತು. ನನಗ ಕಳಸಾಕ ಟೇಸನ್ನಿಗೆ ಬಂದಿದ್ದ. ಹಿಂಗ ಅಂದ: ದ್ರೌಪತಿಗೆ ಹೇಳು, ನನ್ನ ದಾರಿ ನೋಡೋದು ಬ್ಯಾಡ. ಹಿರಿಯರ ಮುಂದ ಹೇಳು, ನನ್ನ ಕಡಿಂದ ಬಿಡುಗಡಿ ಅದ. ಆಕಿ ಉಡಕಿ ಆಗಲಿ ಅಂತ."

"ಹೇಳಿದೇನು?"

"ಇಲ್ರಿ."

"ಯಾಕ?"

"ಬಸ್ಸಿಳಿದು ಸೀದಾ ಆಕಿ ಬಾಗಿಲಿಗೇ ಹೋಗಿದ್ದೆ. ಅಲ್ಲಿ ಯಾರೋ ನರಸಿಂಗ ಅದಾನೇನು ಅಂತ ಕೇಳಾಕತ್ತಿದ್ದರು. ಆಕಿ ಹೊಲಕ್ಕ ಹೋಗ್ಯಾರ ಅಂದಳು. ನಕ್ಕೋತ ಅಂದಳ್ರಿ. ನನ್ನ ಬಾಯಿ ಕಟ್ಟಿತು. ನಾಳಿ ಹೇಳಿದರ ಆತು ಅಂದೆ. ನಾಡದ ಅಂದೆ. ಆಮ್ಯಾಲ…"

ದ್ರೌಪತಿಗೆ ಅರವತ್ಮೂರು ಎಂದರೆ ಏನೆಂದು ಲೆಕ್ಕ ಹಾಕಬೇಕಾಗಿರಲಿಲ್ಲ. ಆ ವರ್ಷ ಅವಳಿಗೆ ಇಪ್ಪತ್ತೇಳು. ಆ ವರ್ಷ ಬೇಸಿಗೆಯಲ್ಲಿ ಮೋರಖಂಡಿಯ ಅಮೃತ ಎಂಬವ, ಹೆಂಡತಿ ಸತ್ತವ, ಎರಡು ಸಲ ಅವಳನ್ನು ಕೇಳಿಕೊಂಡು ಬಂದಿದ್ದ. ಕಡಿಮೆ ಮಾತಿನ ಮನುಷ್ಯ. ಎರಡನೇ ಸಲ ಬಂದಾಗ ಮನೆಯ ಮುರಿದ ಕದ ತಾನೇ ಸರಿ ಮಾಡಿ ಹೋಗಿದ್ದ. ಉಡಕಿ ಅವರ ಕೇರಿಗೆ ಹೊಸದಲ್ಲ. ಗಂಡ ಸತ್ತವಳಿಗೆ, ಇಲ್ಲವೇ ಗಂಡ ಬಿಟ್ಟೆನೆಂದು ಮಾತು ಕೊಟ್ಟವಳಿಗೆ, ಹಿರಿಯರು ಕೂತು ಹೊಸ ಸೀರೆ ಉಡಿಸಿ ಇನ್ನೊಂದು ಮನೆಗೆ ಕಳಿಸುತ್ತಿದ್ದರು. ನರಸಿಂಗನ ಬಾಯಿಂದ ಒಂದು ಮಾತು ಬರಲಿ ಎಂದಿದ್ದರು ಹಿರಿಯರು. ಅಮೃತ ದೀಪಾವಳಿಯ ತನಕ ಕಾದು ಬೇರೆ ಕಡೆ ಮಾಡಿಕೊಂಡ. ಆ ಮಾತು ಆಗಲೇ ಊರಿಗೆ ಬಂದು, ಅವಳ ಗುಡಿಸಲಿನಿಂದ ಹತ್ತು ಮಾರು ದೂರದ ಮನೆಯಲ್ಲಿ ಉಂಡು ಮಲಗುತ್ತಿತ್ತು.

ಸಾಹೇಬರು ಲಾಲಪ್ಪನ ಹಾಳೆಯನ್ನು ನಾಲ್ಕು ಚೂರು ಮಾಡಿದರು. ಆಮೇಲೆ ಪಟ್ಟಿಯ ಹದಿನೇಳನೇ ಸಾಲಿನ ಮೇಲೆ ರೂಲು ಕಡ್ಡಿಯಿಟ್ಟು ಗೆರೆ ಎಳೆದರು.

"ಅವ್ವಾ, ಅವ ಸತ್ತಿದ್ದರ ನಿನ್ನ ಹೆಸರಿಗೆ ಬರಿತಿದ್ದೆ. ಇದ್ದು ಊರಾಗ ಇದ್ದಿದ್ದರ ಅವನ ಹೆಸರಿಗೆ ಇರತಿತ್ತು. ಜಾಗಾ ಕುಟುಂಬಕ್ಕ ಅಂತ ಹುಕುಂ ಅದ. ಒಬ್ಬಾಕಿಗೆ ಕುಟುಂಬ ಅಂತ ಹ್ಯಾಂಗ ಬರೀಲಿ?"

"ನಾ ಆವಾಗಿಂದ ಒಬ್ಬಾಕಿನೇ ಅದೀನ್ರಿ. ನಿನ್ನಿ ತನಕ ಕುಟುಂಬ ಹ್ಯಾಂಗ ಇತ್ತು?"

"ನಿನ್ನಿ ತನಕ ಅವ ಹೊಲಕ್ಕ ಹೋಗಿದ್ದ" ಅಂದರು ಸಾಹೇಬರು. ಚೇಷ್ಟೆ ಮಾಡುವ ದನಿಯಲ್ಲಿ ಅನ್ನಲಿಲ್ಲ. "ಕಲ್ಯಾಣಕ್ಕ ಬಂದು ಅರ್ಜಿ ಕೊಡು. ಮುಂದಿನ ಸಲ ನೋಡೋಣ." ಹದಿನೆಂಟನೇ ಹೆಸರಿಗೆ ಬೆರಳಿಟ್ಟರು.

ಅವಳು ಚಾವಡಿಯ ಮೆಟ್ಟಿಲಿಳಿದು ಕೇರಿಯ ದಾರಿ ಹಿಡಿದಳು. ಕಮಳಾಬಾಯಿ ಹಿಂದಿನಿಂದ ಓಡಿ ಬಂದು ಜೊತೆಯಾದಳು. ದ್ರೌಪತಿ ನಡೆಯುತ್ತಲೇ ಕೇಳಿದಳು.

"ನಿನಗ ಗೊತ್ತಿತ್ತೇನಕ್ಕಾ?"

ಕಮಳಾಬಾಯಿ ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿದಳು. "ನೀ ಬಾಗಿಲದಾಗ ನಿಂತು ಅಷ್ಟು ಗಟ್ಟಿ ಅಂತಿದ್ದಿ. ನಾ ಯಾವ ಬಾಯಿಲೆ ಹೇಳಲಿ?"

"ದಿನಾ ಒಂದೇ ಸಾಲಿನಾಗ ಬಗ್ಗೀದಿವಿ."

"ಹೂಂ."

"ಕೇರಿಗೆಲ್ಲ ಗೊತ್ತಿತ್ತೇನು?"

ಅದಕ್ಕೆ ಅವಳು ಹೂಂ ಅನ್ನಲೂ ಇಲ್ಲ. ದ್ರೌಪತಿ ನಡಿಗೆ ಬಿರುಸು ಮಾಡಿದಳು. ಕಮಳಾಬಾಯಿ ಹಿಂದೆ ಉಳಿದಳು.

ಹೊತ್ತು ಇಳಿಯುವಾಗ ಲಾಲಪ್ಪ ಬಂದ. ಒಳಗೆ ಬರಲಿಲ್ಲ. ಹೊರಗೆ ನಿಂತೇ, "ತಂಗೆವ್ವಾ, ಗುಡ್ಡದ ಬಲ್ಲಿ ಬಾ. ಒಂದು ತೋರಸೋದದ" ಅಂದ. ಅವಳು ಹೋಗಬಾರದು ಎಂದುಕೊಂಡಳು. ಆದರೆ ದಸರಾಕ್ಕೆ ಮೂವತ್ತು ದಿನ ಉಳಿದಿತ್ತು. ಕದ ಮುಂದೆ ಮಾಡಿ ಹೊರಟಳು.

ಗುಡ್ಡದ ಬುಡದಲ್ಲಿ ಗರಸು ನೆಲ. ಇಪ್ಪತ್ತೆರಡು ಜಾಗಕ್ಕೆ ಗೂಟ ಬಡಿದಿದ್ದರು. ಒಂಬತ್ತನೇ ನಂಬರಿನ ನಾಲ್ಕು ಗೂಟಗಳ ನಡುವೆ ಲಾಲಪ್ಪ ಆಗಲೇ ಬಂದು ಅಳೆದಿದ್ದ. ಒಂದು ಬದಿಯಲ್ಲಿ ಹತ್ತು ಫೂಟು ಬಿಟ್ಟು ಕಲ್ಲುಗಳ ಸಾಲು ಇಟ್ಟಿದ್ದ.

"ಇದು ನಿಂದು. ಇಷ್ಟರಾಗ ಒಂದು ಗುಡಸಲ ಏಳತದ. ಕಮಳಿಗೂ ಹೇಳೀನಿ, ಹೂಂ ಅಂದಾಳ. ಕಾಗಜ ನನ್ನ ಹೆಸರಿಗೆ ಇದ್ದರೂ, ಮಾತು ಮಾತೇ." ಸ್ವಲ್ಪ ತಡೆದು ಅಂದ, "ನಿಂದು ನನ್ನ ಮ್ಯಾಲ ಬಾಕಿ ಅದ ತಂಗೆವ್ವಾ. ಇದಕ್ಕ ಮುಟ್ಟಿತು ಅನ್ನು."

ದ್ರೌಪತಿ ಕಲ್ಲಿನ ಸಾಲಿನ ಗುಂಟ ನಡೆದಳು. ಹೆಜ್ಜೆ ಎಣಿಸಿದಳು. ಒಲೆ ಎಲ್ಲಿ ಹಾಕಬೇಕು, ಬಾಗಿಲು ಯಾವ ಕಡೆ ಎಂದು ನೋಡಿದಳು. ಮಣ್ಣು ಕೈಗೆ ತೆಗೆದುಕೊಂಡು ಹಿಸುಕಿ ನೋಡಿದಳು. ಹತ್ತು ಫೂಟು ಹತ್ತು ಫೂಟೇ ಆಗಿತ್ತು.

"ಜಾಗಾ ತಗೋತೀನಿ" ಅಂದಳು. "ನನಗ ಬೇಕಾಗ್ಯಾದ. ಸುಮ್ಮನ ಬ್ಯಾಡ. ನಿಮ್ಮ ಗ್ವಾಡಿಗೆ ಮಣ್ಣು ನಾ ಕಲಸತೀನಿ, ಮನಿ ಏಳೋ ತನಕ ನೀರು ನಾ ಹೊರತೀನಿ. ಅಲ್ಲಿಗೆ ಜಾಗಾದ ಋಣ ತೀರತದ."

"ಆಗಲಿ."

"ನೀ ಮುಚ್ಚಿಟ್ಟ ಮಾತು ಇದರಾಗ ಬರಂಗಿಲ್ಲ ಲಾಲಪ್ಪಣ್ಣ. ಅದು ಹಂಗೇ ಇರಲಿ ನಿನ್ನ ಮ್ಯಾಲ."

"ಎಲ್ಲೀ ತನಕ?"

 ದ್ರೌಪತಿ ಬಗ್ಗಿ, ಸಾಲಿನ ತುದಿಯ ದೊಡ್ಡ ಕಲ್ಲನ್ನು ಎರಡೂ ಕೈಯಿಂದ ಎತ್ತಿ, ಅವನ ಪಾಲಿನ ಕಡೆಗೆ ಒಂದು ಹೆಜ್ಜೆ ಸರಿಸಿ ಇಟ್ಟಳು. ಆಮೇಲೆ ಅದರ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು. ಲಾಲಪ್ಪ ನಿಂತು ನೋಡಿದ.